ಓಕ್ ಪೀಪಾಯಿಯಲ್ಲಿ ಮಾಗಿದ ರಿಯೋಹಾ ಕೆಂಪು ವೈನನ್ನು ಸವಿದು ನೋಡುವ ಬಗೆ

ಉತ್ತರ ಸ್ಪೇನಿನ ಎಬ್ರೊ ನದಿಯ ಕಣಿವೆಯಲ್ಲಿ ಹಬ್ಬಿರುವ ರಿಯೋಹಾ ಪ್ರದೇಶದ ಸಾಂಪ್ರದಾಯಿಕ ಕೆಂಪು ವೈನ್ ಅಂಗಡಿಗೆ ಬರುವ ಹೊತ್ತಿಗೇ ಸಾಕಷ್ಟು ಮಾಗಿರುತ್ತದೆ. ಗಾಢವಾದ ಬಣ್ಣವನ್ನೂ ತಾಜಾ ಹಣ್ಣಿನ ರುಚಿಯನ್ನೂ ನಿರೀಕ್ಷಿಸಿ ಅದನ್ನು ಕುಡಿದವರಿಗೆ ನಿರಾಸೆಯಾಗುವುದು ಸಹಜ. ದ್ರಾಕ್ಷಿ ಕೊಟ್ಟದ್ದು ಯಾವುದು, ಪೀಪಾಯಿಯ ಮರ ಕೊಟ್ಟದ್ದು ಯಾವುದು, ಬಾಟಲಿಯೊಳಗೆ ಕಳೆದ ಕಾಲ ಕೊಟ್ಟದ್ದು ಯಾವುದು ಎಂದು ಬಿಡಿಸಿ ನೋಡಬಲ್ಲವರಿಗೆ ಮಾತ್ರ ಈ ವೈನ್ ಪೂರ್ತಿಯಾಗಿ ದಕ್ಕುತ್ತದೆ.

ಆದ್ದರಿಂದ ಬಾಟಲಿ ತೆರೆಯುವ ಮೊದಲು ಅದರ ಹಿಂಬದಿಯ ಚೀಟಿಯನ್ನು ಓದಬೇಕು. ಅಲ್ಲಿ ‘ಕ್ರಿಯಾನ್ಸಾ’ ಎಂದಿದ್ದರೆ ಆ ವೈನ್ ಕನಿಷ್ಠ 2 ವರ್ಷ ಮಾಗಿದೆ, ಅದರಲ್ಲಿ 1 ವರ್ಷವಾದರೂ ಓಕ್ ಪೀಪಾಯಿಯಲ್ಲಿ ಕಳೆದಿದೆ ಎಂದರ್ಥ. ‘ರೆಸೆರ್ವಾ’ಗೆ ಒಟ್ಟು 3 ವರ್ಷ ಬೇಕು, ಅದರಲ್ಲಿ ಪೀಪಾಯಿಯ ಪಾಲು ಕನಿಷ್ಠ 1 ವರ್ಷ. ‘ಗ್ರಾನ್ ರೆಸೆರ್ವಾ’ಗೆ 5 ವರ್ಷ ಬೇಕು, ಅದರಲ್ಲಿ ಪೀಪಾಯಿಯಲ್ಲಿ 2 ಮತ್ತು ಬಾಟಲಿಯಲ್ಲಿ 2 ವರ್ಷವಾದರೂ ಕಳೆದಿರಬೇಕು. ಹಳೆಯ ಪದ್ಧತಿಯನ್ನು ಪಾಲಿಸುವ ವೈನ್ ತಯಾರಕ ಮನೆತನಗಳು ಈ ಮಿತಿಗಳನ್ನು ಮೀರಿ ಕಾಯುವುದೇ ಹೆಚ್ಚು. ಆದರೆ ಈ ಹೆಸರುಗಳು ಹೇಳುವುದು ಕಾಲದ ಲೆಕ್ಕವನ್ನು ಮಾತ್ರ, ಗುಣವನ್ನಲ್ಲ. ಒಳ್ಳೆಯ ಕ್ರಿಯಾನ್ಸಾ ಒಂದು ನೀರಸವಾದ ಗ್ರಾನ್ ರೆಸೆರ್ವಾಗಿಂತ ಎಷ್ಟೋ ಮೇಲು.

ರಿಯೋಹಾದಲ್ಲಿ ಬಳಸುವ ಪೀಪಾಯಿ ಸಾಮಾನ್ಯವಾಗಿ 225 ಲೀಟರಿನದು. ಈ ಅಳತೆಯೂ ಪೀಪಾಯಿಯಲ್ಲಿ ಮಾಗಿಸುವ ಕ್ರಮವೂ 19ನೆಯ ಶತಮಾನದಲ್ಲಿ ಫ್ರಾನ್ಸಿನ ಬೋರ್ಡೊದಿಂದ ಬಂದವು. ಅಲ್ಲಿನ ದ್ರಾಕ್ಷಿತೋಟಗಳನ್ನು ಫಿಲಾಕ್ಸೆರಾ ಎಂಬ ಕೀಟ ಹಾಳುಗೆಡವಿದಾಗ ವರ್ತಕರು ಗಡಿ ದಾಟಿ ರಿಯೋಹಾದ ಆರೊ ಪಟ್ಟಣದ ರೈಲು ನಿಲ್ದಾಣದ ಸುತ್ತಮುತ್ತ ವೈನ್ ಕೊಳ್ಳತೊಡಗಿದರು. ಪದ್ಧತಿ ಫ್ರಾನ್ಸಿನದಾದರೂ ಮರ ಮಾತ್ರ ಬಹುಪಾಲು ಅಮೆರಿಕದ್ದಾಯಿತು. ರಿಯೋಹಾದ ಪರಿಮಳಕ್ಕೆ ಅದರದೇ ಆದ ಗುರುತು ಬಂದದ್ದು ಈ ಮರದಿಂದ.

ಹತ್ತು ವರ್ಷ ದಾಟಿದ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಟ್ಟರೆ ಒಳಗಿನ ಗಷ್ಟು ತಳಕ್ಕಿಳಿಯುತ್ತದೆ. ವೈನಿನ ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಲಿ. ಅದಕ್ಕಿಂತ ಬೆಚ್ಚಗಾದರೆ ಮದ್ಯಸಾರದ ಘಾಟು ಮುಂದೆ ಬಂದು ನವಿರಾದ ಪರಿಮಳಗಳೆಲ್ಲ ಅಡಗಿಹೋಗುತ್ತವೆ. ಹೂಜಿಗೆ ಬಗ್ಗಿಸಿ ಗಂಟೆಗಟ್ಟಲೆ ಗಾಳಿಯಾಡಲು ಬಿಡಬೇಕೆಂಬ ಸಲಹೆ ಎಳೆಯ ವೈನಿಗೆ ಸರಿ. ಪೀಪಾಯಿಯಲ್ಲಿದ್ದಷ್ಟು ಕಾಲವೂ ನಿಧಾನವಾಗಿ ಗಾಳಿ ಕುಡಿದಿರುವ ಹಳೆಯ ಗ್ರಾನ್ ರೆಸೆರ್ವಾಗೆ ಅದು ಬೇಕಿಲ್ಲ. ಗಷ್ಟನ್ನು ಬೇರ್ಪಡಿಸಲು ಬಗ್ಗಿಸುವುದಾದರೆ ಕುಡಿಯುವ ಮುನ್ನ ಮೆಲ್ಲಗೆ ಬಗ್ಗಿಸಿದರೆ ಸಾಕು.

ಲೋಟದ ಮೂರರಲ್ಲೊಂದು ಭಾಗ ತುಂಬಿಸಿ, ಬಿಳಿಯ ಹಾಳೆಯ ಮೇಲೆ ಓರೆಯಾಗಿ ಹಿಡಿದು ಅಂಚನ್ನು ನೋಡಬೇಕು. ಎಳೆಯ ವೈನಿನ ಅಂಚಿನಲ್ಲಿ ನೇರಳೆ ಛಾಯೆಯಿರುತ್ತದೆ, ಮಾಗಿದಂತೆ ಅದು ಮಾಣಿಕ್ಯದ ಕೆಂಪಿಗೂ ಬಳಿಕ ಇಟ್ಟಿಗೆಯ ಬಣ್ಣಕ್ಕೂ ತಿರುಗುತ್ತದೆ. ಬಣ್ಣ ತಿಳಿಯಾಗಿರುವುದನ್ನು ದೋಷವೆಂದು ಎಣಿಸಬಾರದು. ಬಣ್ಣದ ಕಣಗಳು ಟ್ಯಾನಿನ್ ಎಂಬ ಒಗರು ಪದಾರ್ಥದೊಂದಿಗೆ ಕೂಡಿ ತಳ ಸೇರುತ್ತವೆ; ಪೀಪಾಯಿಯಿಂದ ಪೀಪಾಯಿಗೆ ವೈನನ್ನು ಮತ್ತೆ ಮತ್ತೆ ಬಸಿದು ಸಾಗಿಸುವ ಹಳೆಯ ಪದ್ಧತಿಯಲ್ಲಿ ಅದು ಇನ್ನಷ್ಟು ತಿಳಿಯಾಗುತ್ತದೆ.

ಮುಖ್ಯವಾದ ಕೆಲಸ ಮೂಗಿನದು. ಲೋಟವನ್ನು ಅಲುಗಿಸದೆ ಮೊದಲು ಒಮ್ಮೆ ಮೂಸಿ, ಬಳಿಕ ತಿರುಗಿಸಿ ಮತ್ತೆ ಮೂಸಬೇಕು. ಒದ್ದೆಯಾದ ರಟ್ಟಿನಂಥ ಮುಗ್ಗಲು ವಾಸನೆ ಬಂದರೆ ಬಿರಡೆ ಕೆಟ್ಟಿದೆ; ಎಷ್ಟು ಹೊತ್ತು ಕಾದರೂ ಅದು ಹೋಗದು. ವೈನ್ ಸರಿಯಿದ್ದರೆ ಮೊದಲು ಎದುರಾಗುವುದು ಬಹುಮಟ್ಟಿಗೆ ಮರವೇ. ಅಮೆರಿಕದ ಓಕ್‌ನಲ್ಲಿ ಲ್ಯಾಕ್ಟೋನ್ ಎಂಬ ಸಂಯುಕ್ತಗಳು ಹೆಚ್ಚಾಗಿರುವುದರಿಂದ ಕೊಬ್ಬರಿಯ, ಕೆಲವೊಮ್ಮೆ ಸಬ್ಬಸಿಗೆಯ ಪರಿಮಳ ಬರುತ್ತದೆ, ಜೊತೆಗೆ ವೆನಿಲಾ ಸೇರಿಕೊಳ್ಳುತ್ತದೆ. ಫ್ರಾನ್ಸಿನ ಓಕ್ ಬಳಸಿದ್ದರೆ ಲವಂಗದಂಥ ಮಸಾಲೆಯೂ ಸುಟ್ಟ ರೊಟ್ಟಿಯ ವಾಸನೆಯೂ ಮುಂದಾಗುತ್ತವೆ. ಮರದ ಪರಿಮಳ ಢಾಳಾಗಿದ್ದರೆ ವೈನ್ ಉತ್ತಮವೆಂದು ತಿಳಿಯುವವರಿದ್ದಾರೆ, ಅದು ಬರೀ ಹೊಸ ಪೀಪಾಯಿಯ ಸೂಚನೆ. ಆರೊದಲ್ಲಿ 1877ರಲ್ಲಿ ಸ್ಥಾಪನೆಯಾದ ಲೋಪೆಸ್ ದೆ ಎರೇದಿಯಾ ಎಂಬ ವೈನ್ ಮನೆತನ ತನ್ನ ಪೀಪಾಯಿಗಳನ್ನು ತಾನೇ ಮಾಡಿಸಿಕೊಂಡು ಬಹುಕಾಲ ಬಳಸುತ್ತದೆ. ಇಂಥ ಹಳೆಯ ಪೀಪಾಯಿ ಪರಿಮಳವನ್ನು ಕೊಡುವುದಕ್ಕಿಂತ ಹೆಚ್ಚಾಗಿ ವೈನಿಗೆ ಉಸಿರಾಡಲು ಬಿಡುತ್ತದೆ. ಮರವನ್ನು ಬದಿಗಿಟ್ಟು ಮತ್ತೊಮ್ಮೆ ಮೂಸಿದಾಗ ಟೆಂಪ್ರಾನಿಯೊ ದ್ರಾಕ್ಷಿಯ ಚೆರ್ರಿ, ಪ್ಲಮ್ ಹಣ್ಣುಗಳ ಜಾಡು ಸಿಗುತ್ತದೆ. ಅದರ ಹಿಂದಿರುವ ಚರ್ಮ, ತಂಬಾಕು, ಒಣಗಿದ ಎಲೆ, ಅಣಬೆಯ ವಾಸನೆಗಳು ಬಾಟಲಿಯಲ್ಲಿ ಕಳೆದ ವರ್ಷಗಳ ಫಲ.

ಬಳಿಕ ಒಂದು ಸಣ್ಣ ಗುಟುಕನ್ನು ಬಾಯೊಳಗೆಲ್ಲ ಹೊರಳಿಸಬೇಕು. ನಾಲಗೆಯ ಅಂಚಿನಲ್ಲಿ ನೀರೂರಿಸುವ ಹುಳಿ ಈ ವೈನಿನ ಬೆನ್ನೆಲುಬು. ಮಿಶ್ರಣದಲ್ಲಿ ಗ್ರಾಸಿಯಾನೊ ಅಥವಾ ಮಾಸುವೆಲೊ ದ್ರಾಕ್ಷಿ ಇದ್ದರೆ ಅದು ಇನ್ನಷ್ಟು ಚುರುಕಾಗುತ್ತದೆ, ಗಾರ್ನಾಚಾ ಹೆಚ್ಚಿದ್ದರೆ ವೈನ್ ತುಂಬಿಕೊಂಡಂತೆ, ಬೆಚ್ಚಗೆ ಇರುತ್ತದೆ. ಒಸಡನ್ನು ಹಿಡಿಯುವ ಒಗರು ಟ್ಯಾನಿನ್‌ನದು. ಅದು ಎಳೆಯ ಕ್ರಿಯಾನ್ಸಾದಲ್ಲಿ ಒರಟಾಗಿರಬಹುದು, ಮಾಗಿದ ಗ್ರಾನ್ ರೆಸೆರ್ವಾದಲ್ಲಿ ರೇಷ್ಮೆಯಂತೆ ಜಾರಬೇಕು. ನುಂಗಿದ ಮೇಲೆ ಉಳಿಯುವ ರುಚಿಯೇ ನಿಜವಾದ ಪರೀಕ್ಷೆ. ಹಣ್ಣಿನ ಸುಳಿವೂ ಹುಳಿಯೂ ಒಟ್ಟಿಗೆ ಉಳಿದು ಮೆಲ್ಲನೆ ಕರಗಿದರೆ ವೈನಿಗೆ ಇನ್ನೂ ಜೀವವಿದೆ, ಬರೀ ಒಣ ಮರದ ಕಹಿ ಉಳಿದರೆ ಅದನ್ನು ಪೀಪಾಯಿಯಲ್ಲಿ ಅತಿಯಾಗಿ ಇಟ್ಟಿದ್ದಾರೆ.

ಕಲಿಯುವವರು ಒಂದೇ ಮನೆತನದ ಕ್ರಿಯಾನ್ಸಾ ಮತ್ತು ಗ್ರಾನ್ ರೆಸೆರ್ವಾಗಳನ್ನು ಪಕ್ಕಪಕ್ಕದಲ್ಲಿಟ್ಟು, ಎಳೆಯದರಿಂದ ಆರಂಭಿಸಿ ನೋಡುವುದು ಒಳ್ಳೆಯದು. ರಿಯೋಹಾದಲ್ಲಿ ದ್ರಾಕ್ಷಿಬಳ್ಳಿಯ ಒಣಕಡ್ಡಿಗಳ ಕೆಂಡದ ಮೇಲೆ ಸುಟ್ಟ ಕುರಿಮರಿಯ ಮಾಂಸದೊಂದಿಗೆ ಇವನ್ನು ಕುಡಿಯುವ ರೂಢಿಯಿದೆ. ಕೊಬ್ಬು ಮತ್ತು ಪ್ರೋಟೀನು ಟ್ಯಾನಿನ್‌ನ ಒಗರನ್ನು ತಗ್ಗಿಸುವುದರಿಂದ ಊಟಕ್ಕೆ ಮೊದಲು ಒಮ್ಮೆ, ಊಟದ ನಡುವೆ ಮತ್ತೊಮ್ಮೆ ಸವಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಉಳಿದ ಕ್ರಿಯಾನ್ಸಾಗೆ ಬಿರಡೆ ಹಾಕಿ ತಣ್ಣಗಿಟ್ಟರೆ ಮರುದಿನಕ್ಕೂ ಆಗುತ್ತದೆ, ಹಳೆಯ ಗ್ರಾನ್ ರೆಸೆರ್ವಾವನ್ನು ಮಾತ್ರ ತೆರೆದ ಸಂಜೆಯೇ ಮುಗಿಸಬೇಕು.