ಹೊಳಪು ಜಾಸ್ತಿ ಬಂದರೆ ಮೊದಲು ಅನುಮಾನ ಪಡಿ: ಎಂಆರ್‌ಐ ಮ್ಯಾಂಗನೀಸ್ ಜೊತೆ ನನ್ನ ಅನುಭವ

ಎಂಆರ್‌ಐ ಮಾಡಿಸುವಾಗ ಕೆಲವರಿಗೆ ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿರುವುದು ಹೆಚ್ಚಾಗಿ ಗ್ಯಾಡೋಲಿನಿಯಂ ಅನ್ನೋ ಲೋಹ. ಧಾರವಾಡದಲ್ಲಿ ಪಿಎಚ್‌ಡಿ ಮಾಡುವಾಗ ನಾನು ಹಿಡಿದದ್ದು ಅದರ ಬದಲು ಮ್ಯಾಂಗನೀಸ್ ಬಳಸುವ ಕೆಲಸ.

ಗ್ಯಾಡೋಲಿನಿಯಂ ಸುಮ್ನೆ ಆರಿಸಿದ್ದಲ್ಲ. ಅದರ ಅಯಾನಿನಲ್ಲಿ 7 ಒಂಟಿ ಎಲೆಕ್ಟ್ರಾನ್‌ಗಳಿವೆ. ಪಕ್ಕಕ್ಕೆ ಬಂದ ನೀರಿನ ಪ್ರೋಟಾನ್‌ಗಳು ಅದರಿಂದಾಗಿ ಬೇಗ ಮೊದಲಿನ ಸ್ಥಿತಿಗೆ ಮರಳುತ್ತವೆ, ಆ ಜಾಗ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಆದರೆ ಬಿಡಿ ಗ್ಯಾಡೋಲಿನಿಯಂ ವಿಷ. ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರ ಇರುವುದರಿಂದ ಅದರ ಜಾಗಕ್ಕೆ ನುಗ್ಗುತ್ತದೆ. ಅದಕ್ಕೇ ಡಿಟಿಪಿಎ, ಡೋಟಾದಂಥ ಲಿಗ್ಯಾಂಡ್‌ಗಳಲ್ಲಿ (ಲೋಹವನ್ನು ಸುತ್ತುವರಿದು ಹಿಡಿಯುವ ಅಣುಗಳು) ಕಟ್ಟಿಹಾಕಿ ಕೊಡುತ್ತಾರೆ. 1988ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದು ಡಿಟಿಪಿಎ ಕಟ್ಟಿದ್ದಕ್ಕೆ. ಕಿಡ್ನಿ ಕೆಟ್ಟವರಲ್ಲಿ ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆಗೂ ಈ ಇಂಜೆಕ್ಷನ್‌ಗೂ ನಂಟಿದೆ ಅಂತ ಗೊತ್ತಾದದ್ದು 2006ರಲ್ಲಿ. 2017ರಲ್ಲಿ ಯುರೋಪ್, ಸರಪಳಿ ಆಕಾರದ ಲಿಗ್ಯಾಂಡ್ ಇರುವ ಹಲವು ಔಷಧಿಗಳನ್ನು ತಡೆಹಿಡಿಯಿತು. ಡೋಟಾದಂಥ ಉಂಗುರದವು ಉಳಿದುಕೊಂಡವು, ಅವುಗಳ ಹಿಡಿತ ಗಟ್ಟಿ.

ಹುಬ್ಬಳ್ಳಿಯಲ್ಲಿ ನನಗೆ ಪರಿಚಯದ ರೇಡಿಯಾಲಜಿ ಡಾಕ್ಟರ್ ಒಬ್ಬರಿದ್ದಾರೆ. ನನ್ನ ಕೆಲಸದ ಬಗ್ಗೆ ಕೇಳಿದವರೇ, "ಫೋಟೋ ಚಂದ ಬಂದ್ರ ಸಾಲಂಗಿಲ್ಲಪಾ. ಒಳಗ ಹಾಕಿದ್ದು ಹಾಕಿದಂಗ ಹೊರಗ ಬರಬೇಕು" ಅಂದರು. ಲ್ಯಾಬಿನಲ್ಲಿ ನಾನು ಏನೇ ಮಾಡಿದರೂ ಈ ಮಾತು ಎದುರಿಗಿರುತ್ತಿತ್ತು.

ಮ್ಯಾಂಗನೀಸ್‌ಗೆ 5 ಒಂಟಿ ಎಲೆಕ್ಟ್ರಾನ್‌ಗಳು. ದೇಹಕ್ಕೆ ಇದು ಹೊಸದಲ್ಲ, ಚೂರು ಚೂರು ಬೇಕೂ ಬೇಕು. ಜಾಸ್ತಿಯಾದರೆ ಮಾತ್ರ ಮಿದುಳಿಗೆ ಕೆಟ್ಟದ್ದು. ತೊಂದರೆ ಏನೆಂದರೆ, ಕಬ್ಬಿಣ, ತಾಮ್ರ, ಜಿಂಕ್ ಇವಕ್ಕೆ ಹೋಲಿಸಿದರೆ ಮ್ಯಾಂಗನೀಸ್ ಲಿಗ್ಯಾಂಡ್ ಜೊತೆ ಸಡಿಲವಾಗಿ ಕೂರುತ್ತದೆ. ಬಿಗಿ ಮಾಡಲು ಎಲ್ಲಾ ಕಡೆಯಿಂದ ಮುಚ್ಚಿಬಿಟ್ಟರೆ ನೀರಿಗೆ ಜಾಗ ಇರುವುದಿಲ್ಲ, ಹೊಳಪು ಕಡಿಮೆಯಾಗುತ್ತದೆ. ಇಡಿಟಿಎ ಅನ್ನೋ ಲಿಗ್ಯಾಂಡ್ 6 ಕಡೆ ಹಿಡಿದು ನೀರಿಗೆ ಒಂದು ಜಾಗ ಬಿಡುತ್ತದೆ, ಆದರೆ ಬೇಗ ಬಿಚ್ಚಿಕೊಳ್ಳುತ್ತದೆ. ನಾನು ಅದರದೇ ಜಾತಿಯ ಸಿಡಿಟಿಎಯಿಂದ ಶುರು ಮಾಡಿದೆ. ಅದರಲ್ಲಿ ಎರಡು ನೈಟ್ರೋಜನ್‌ಗಳ ನಡುವೆ ಸೈಕ್ಲೋಹೆಕ್ಸೇನ್ ಉಂಗುರ ಇರುತ್ತದೆ. ಹೀಗಾಗಿ ಅಣುವಿನ ಬೆನ್ನೆಲುಬು ಬಾಗುವುದಿಲ್ಲ, ಹಾಗಾಗಿ ಲೋಹವನ್ನು ಸುಲಭಕ್ಕೆ ಬಿಡುವುದಿಲ್ಲ.

ನಮ್ಮ ಧಾರವಾಡದ ಮಳೆಗಾಲ ಗೊತ್ತಲ್ವಾ? ಮ್ಯಾಂಗನೀಸ್ ಕ್ಲೋರೈಡ್ ಬಾಟಲಿ ತೆರೆದರೆ ಸಾಕು, ನಸುಗೆಂಪು ಹರಳುಗಳು ತೇವ ಎಳೆದುಕೊಳ್ಳುತ್ತವೆ. ಆಮೇಲೆ ತಕ್ಕಡಿ ತೋರಿಸುವ ತೂಕವನ್ನು ನಂಬಬಾರದು. ದ್ರಾವಣ ಮಾಡಿಕೊಂಡು, ಪಿಎಚ್ 10ರಲ್ಲಿ ಚಿಟಿಕೆ ಆಸ್ಕಾರ್ಬಿಕ್ ಆಮ್ಲ ಹಾಕಿ, ಬಣ್ಣ ಬದಲಿಸಿ ತೋರಿಸುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಇಟ್ಟು ಇಡಿಟಿಎಯಿಂದ ಟೈಟ್ರೇಟ್ ಮಾಡಿ (ಹನಿ ಹನಿಯಾಗಿ ಹಾಕಿ ಅಳೆಯುವುದು). ಕೆಂಪು ಹೋಗಿ ನೀಲಿ ಬಂದಾಗ ಸಿಗುವ ಲೆಕ್ಕವೇ ನಿಜವಾದ ಲೆಕ್ಕ. ಲೋಹ, ಲಿಗ್ಯಾಂಡ್ ಕೂಡಿಸಿ ಕಾಂಪ್ಲೆಕ್ಸ್ ಮಾಡುವಾಗ ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಹಾಕುತ್ತಾ, ಕಲಕುತ್ತಾ ಪಿಎಚ್ 7ರ ಹತ್ತಿರ ತನ್ನಿ. ದ್ರಾವಣಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರಬಾರದು. ಕಂದು ಬಂತೋ, ಬಿಡಿ ಮ್ಯಾಂಗನೀಸ್ ಗಾಳಿಗೆ ಆಕ್ಸಿಡೈಸ್ ಆಗುತ್ತಿದೆ ಅಂತ. ಅದನ್ನು ಚೆಲ್ಲಿ ಹೊಸದು ಮಾಡುವುದೇ ಲೇಸು. ಲಿಗ್ಯಾಂಡ್ ಶುದ್ಧವಾಗಿದೆಯಾ ಅಂತ, ಅಣುವಿನ ರಚನೆ ತೋರಿಸುವ ಎನ್‌ಎಂಆರ್‌ನಲ್ಲಿ ನೋಡುವುದಿದ್ದರೆ ಲೋಹ ಸೇರಿಸುವ ಮೊದಲೇ ನೋಡಿ. ಸೇರಿಸಿದ ಮೇಲೆ ಪೀಕ್‌ಗಳು ಹರಡಿ ಮಾಯವಾಗುತ್ತವೆ.

ನಂತರ ಟಿ1 ಅಳತೆ. ಟಿ1 ಅಂದರೆ ನೀರಿನ ಪ್ರೋಟಾನ್‌ಗಳು ಮೊದಲಿನ ಸ್ಥಿತಿಗೆ ಮರಳಲು ಹಿಡಿಯುವ ಸಮಯ. ಬೇರೆ ಬೇರೆ ಸಾಂದ್ರತೆಯಲ್ಲಿ 1/ಟಿ1 ಅಳೆದು ಗೆರೆ ಎಳೆದರೆ, ಅದರ ಇಳಿಜಾರೇ ರಿಲಾಕ್ಸಿವಿಟಿ, ಅಂದರೆ ಹೊಳಪು ಕೊಡುವ ಶಕ್ತಿಯ ಅಂಕ. ಇಂಥ ಮ್ಯಾಂಗನೀಸ್ ಕಾಂಪ್ಲೆಕ್ಸ್‌ಗೆ (ಪ್ರತಿ ಮಿಲಿಮೋಲಾರ್‌ಗೆ, ಪ್ರತಿ ಸೆಕೆಂಡಿಗೆ) 3ರ ಆಸುಪಾಸು ಬರಬೇಕು. 5, 6 ಬಂದರೆ ಹುಡುಗರು ಕುಣಿದಾಡುತ್ತಾರೆ. ನಾನು ಹೇಳುವುದು, ಅಲ್ಲಿ ನಿಲ್ಲಿ. ಬಿಡಿ ಮ್ಯಾಂಗನೀಸ್ ಸುತ್ತ 6 ನೀರಿನ ಅಣುಗಳಿರುತ್ತವೆ, ಅದರ ಹೊಳಪು ಕಟ್ಟಿಹಾಕಿದ್ದಕ್ಕಿಂತ ಬಹಳ ಜಾಸ್ತಿ. ಅಂದರೆ ಕೆಟ್ಟ ಸ್ಯಾಂಪಲ್ಲೇ ಒಳ್ಳೆಯ ಅಂಕ ತಂದುಕೊಡುತ್ತದೆ! ಅದಕ್ಕೇ ನಾನು ಜಿಂಕ್ ಪರೀಕ್ಷೆ ಮಾಡದೆ ಯಾವ ಸ್ಯಾಂಪಲ್ಲನ್ನೂ ಮುಂದಕ್ಕೆ ಒಯ್ಯುವುದಿಲ್ಲ. ಪಿಎಚ್ 6, 37 ಡಿಗ್ರಿಯಲ್ಲಿ ಹಲವು ಪಟ್ಟು ಜಿಂಕ್ ಹಾಕಿ, ಬಿಟ್ಟು ಬಿಟ್ಟು ಟಿ1 ಅಳೆಯುತ್ತೇನೆ. ಜಿಂಕ್ ಒಳಗೆ ಹೋಗಿ ಮ್ಯಾಂಗನೀಸ್ ಹೊರಬಿದ್ದ ಹಾಗೆ 1/ಟಿ1 ಏರುತ್ತದೆ. ಎಷ್ಟು ನಿಧಾನ ಏರುತ್ತದೋ ಹಿಡಿತ ಅಷ್ಟು ಗಟ್ಟಿ. ಇಡಿಟಿಎ ಮತ್ತು ಸಿಡಿಟಿಎ ನಡುವಿನ ಫರಕು ಇಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಲಿಗ್ಯಾಂಡ್ ಜಾಸ್ತಿ ಉಳಿದಿದ್ದರೆ ಜಿಂಕ್ ಮೊದಲು ಅದನ್ನೇ ಹಿಡಿಯುತ್ತದೆ, ಆ ಪಾಲನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈ ಪರೀಕ್ಷೆಯಲ್ಲಿ ನಿಂತ ಸ್ಯಾಂಪಲ್‌ಗಳನ್ನು ಮಾತ್ರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ಯುತ್ತಿದ್ದೆ. ರಾತ್ರಿ ಪೇಷಂಟ್‌ಗಳು ಮುಗಿದ ಮೇಲೆ ಡಾಕ್ಟರ್ 1.5 ಟೆಸ್ಲಾ ಯಂತ್ರ ಬಿಟ್ಟುಕೊಡುತ್ತಿದ್ದರು. ಟ್ಯೂಬ್‌ಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿ, ತಲೆಯ ಕಾಯಿಲ್ ಒಳಗೆ ಇಡುವುದು. ಟ್ಯೂಬಿನಲ್ಲಿ ಗುಳ್ಳೆ ಉಳಿದರೆ ಸುತ್ತ ಕಪ್ಪು ಕಲೆ ಬೀಳುತ್ತದೆ, ಬೆರಳಿನಿಂದ ತಟ್ಟಿ ತೆಗೆಯಿರಿ. ಸಾಂದ್ರತೆ 1 ಮಿಲಿಮೋಲಾರ್ ಒಳಗೇ ಇಟ್ಟುಕೊಳ್ಳಿ. ತೀರಾ ಏರಿಸಿದರೆ ಟಿ2 ಪ್ರಭಾವ (ಸಿಗ್ನಲ್ ಬೇಗ ಆರಿಹೋಗುವುದು) ಮೇಲಾಗಿ ಬೆಳ್ಳಗಾಗಬೇಕಾದ ಟ್ಯೂಬು ಕಪ್ಪಗಾಗುತ್ತದೆ.

ಸಿಡಿಟಿಎಯ ಒಂದು ಅಸಿಟೇಟ್ ತೋಳು ತೆಗೆದು ಪಿರಿಡೀನ್ ಇರುವ ತೋಳು ಜೋಡಿಸಿದರೆ ಪೈಸಿ3ಎ ಅನ್ನೋ ಲಿಗ್ಯಾಂಡ್ ಆಗುತ್ತದೆ. ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಬೆಳೆಸಿದ ವಿನ್ಯಾಸ ಅದು. ಈಗ ನನ್ನ ಮೇಜಿನ ಮೇಲಿರುವುದು ಅದೇ, ತೋಳು ಇನ್ನೂ ಜೋಡಿಸುತ್ತಿದ್ದೇನೆ.