ನಿಂತ ಕಾರಿನಲ್ಲಿ ಎಂಜಿನ್ ಏರಿಳಿಯುತ್ತಿದೆಯೇ? ಬಿಡಿಭಾಗ ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ

ಸಿಗ್ನಲ್ ಬಳಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಮೇಲೂ ಆರ್‌ಪಿಎಂ ಮುಳ್ಳು ಒಂದೆಡೆ ನಿಲ್ಲದೆ ಏರಿಳಿಯುತ್ತಿದ್ದರೆ, ಅಥವಾ ಎ.ಸಿ. ಹಾಕಿದೊಡನೆ ಎಂಜಿನ್ ನಡುಗಿ ಆಫ್ ಆಗುತ್ತಿದ್ದರೆ, ಹೆಚ್ಚಿನವರು ಮೊದಲು ಬಿಡಿಭಾಗ ಬದಲಿಸಲು ಹೊರಡುತ್ತಾರೆ. ಪ್ಲಗ್, ಸೆನ್ಸರ್, ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ಎಂದು ಸಾವಿರಾರು ರೂಪಾಯಿ ಸುರಿದರೂ ಮುಳ್ಳು ಕುಣಿಯುತ್ತಲೇ ಇರುತ್ತದೆ. ಏಕೆಂದರೆ ತೊಂದರೆ ಇದ್ದದ್ದು ಬಿರುಕು ಬಿಟ್ಟ ಒಂದು ರಬ್ಬರ್ ಕೊಳವೆಯಲ್ಲಿ. ಪೆಟ್ರೋಲ್ ಕಾರುಗಳಲ್ಲಿ ಈ ದೋಷವನ್ನು ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸಿ ಹುಡುಕುವುದೇ ಸರಿಯಾದ ದಾರಿ.

ಮೊದಲು ದೋಷ ನಿಜವಾಗಿಯೂ ಇದೆಯೇ ಎಂದು ನೋಡಿಕೊಳ್ಳಿ. ಆಕ್ಸಿಲರೇಟರ್ ಒತ್ತದಿರುವಾಗ, ಅಂದರೆ ಐಡ್ಲಿಂಗ್‌ನಲ್ಲಿ, ಬಿಸಿಯಾದ ಎಂಜಿನ್ ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂನಲ್ಲಿ ಓಡುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಅದು 1,200ರ ಮೇಲಿದ್ದು ನಿಧಾನವಾಗಿ ಇಳಿಯುವುದು, ಎ.ಸಿ. ಕಂಪ್ರೆಸರ್ ಸೇರಿಕೊಂಡಾಗ ತುಸು ಏರುವುದು ಸಹಜ. ಮುಳ್ಳು ಸ್ಥಿರವಾಗಿದ್ದು ಕಾರು ಮಾತ್ರ ನಡುಗುತ್ತಿದ್ದರೆ ಎಂಜಿನನ್ನು ಹಿಡಿದಿಡುವ ಮೌಂಟಿಂಗ್ ಸವೆದಿರುವ ಸಂಭವವೇ ಹೆಚ್ಚು. ಏರಿಳಿತ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ, ಪೆಟ್ರೋಲ್ ತುಂಬಿಸಿದ ಕೂಡಲೇಯೋ ಎಂಬುದನ್ನು ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಈ ಒಂದು ಚೀಟಿ ಬಹಳ ನೆರವಾಗುತ್ತದೆ.

ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಸಡಿಲ ಬಟ್ಟೆ ಫ್ಯಾನಿನ ಹತ್ತಿರ ಸುಳಿಯದಿರಲಿ.

ಈಗ ಗಾಳಿಯ ಸೋರಿಕೆಯನ್ನು ಹುಡುಕಿ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್‌ನೊಳಗೆ ಬಲವಾದ ನಿರ್ವಾತ ಉಂಟಾಗುತ್ತದೆ. ಆಗ ಸಣ್ಣ ಬಿರುಕಿನಿಂದ ನುಗ್ಗುವ ಗಾಳಿಯೂ ದೊಡ್ಡದೇ. ಗಾಳಿಯ ಹರಿವನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಿನಲ್ಲಿ ಈ ಕಳ್ಳಗಾಳಿ ಲೆಕ್ಕಕ್ಕೆ ಸಿಗದೆ, ಇಂಧನ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಮ್ಯಾನಿಫೋಲ್ಡ್ ಒತ್ತಡವನ್ನು ಅಳೆಯುವ ಎಂಎಪಿ ಸೆನ್ಸರ್ ಇರುವ ಕಾರಿನಲ್ಲಿ ಕಂಪ್ಯೂಟರ್ ಆ ಗಾಳಿಗೂ ಇಂಧನ ಕೊಟ್ಟುಬಿಡುತ್ತದೆ: ವೇಗ ಏರುತ್ತದೆ, ಥ್ರಾಟಲ್ ಮುಚ್ಚಿದ್ದೂ ವೇಗ ಹೆಚ್ಚಾಗಿದೆ ಎಂದು ಇಂಧನ ಕಡಿತವಾಗುತ್ತದೆ, ವೇಗ ಕುಸಿಯುತ್ತದೆ, ಮತ್ತೆ ಇಂಧನ ಬರುತ್ತದೆ. ಮೆಕ್ಯಾನಿಕ್‌ಗಳು ಹಂಟಿಂಗ್ ಎನ್ನುವ ತೂಗುಯ್ಯಾಲೆ ಅನೇಕ ಸಲ ಇದೇ.

ಒಂದು ಮೀಟರ್ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದನ್ನು ಪ್ರತಿ ಹೋಸಿನ ಕೂಡುಜಾಗ, ಎಂಜಿನ್ ತಳದ ಆವಿಯನ್ನು ಇನ್‌ಟೇಕ್‌ಗೆ ಮರಳಿಸುವ ಪಿಸಿವಿ ಕೊಳವೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಉದ್ದಕ್ಕೂ ಸರಿಸಿದರೆ ಸೋರಿಕೆಯ ಬುಸುಗುಟ್ಟುವಿಕೆ ಸ್ಪಷ್ಟವಾಗಿ ಕೇಳಿಸುತ್ತದೆ. ಇಲಿ ಕಚ್ಚಿದ ಗುರುತುಗಳನ್ನೂ ನೋಡಿ. ನಿರ್ವಾತದ ಬಲದಿಂದ ಬ್ರೇಕ್ ಒತ್ತುವುದನ್ನು ಹಗುರಗೊಳಿಸುವ ಬ್ರೇಕ್ ಬೂಸ್ಟರ್‌ನ ಹೋಸನ್ನು ಮೃದುವಾಗಿ ಅದುಮಿದಾಗ ಏರಿಳಿತ ನಿಂತರೆ ದೋಷ ಬೂಸ್ಟರ್‌ನಲ್ಲಿ ಅಥವಾ ಆ ಹೋಸಿನಲ್ಲಿ ಇದೆ. ಜೊತೆಗೆ ಬ್ರೇಕ್ ಪೆಡಲ್ ಗಟ್ಟಿಯಾಗಿದ್ದರೆ ಆ ಕಾರನ್ನು ಓಡಿಸಬೇಡಿ. ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕಿವಿಗೆ ಸಿಗದ ಸೋರಿಕೆಗೆ ವರ್ಕ್‌ಶಾಪಿನ ಹೊಗೆ ಪರೀಕ್ಷೆಯೇ ಮೇಲು.

ಎರಡನೆಯ ಶಂಕಿತ ಥ್ರಾಟಲ್ ಬಾಡಿ. ಎಂಜಿನ್ ತಳದ ಕ್ರ್ಯಾಂಕ್‌ಕೇಸ್‌ನಿಂದ ಬರುವ ಎಣ್ಣೆಯ ಆವಿ ಅದರ ತಟ್ಟೆಯ ಅಂಚಿನಲ್ಲಿ ಕಪ್ಪಾಗಿ ಅಂಟಿ, ಐಡ್ಲಿಂಗ್‌ಗೆ ಬೇಕಾದ ಸಣ್ಣ ಸಂದಿಯನ್ನು ಮುಚ್ಚುತ್ತದೆ. ಎಂಜಿನ್ ಆಫ್ ಮಾಡಿ, ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತೆರೆದರೆ ಒಳಗಿನ ಗೇರುಗಳು ಹಾಳಾಗಬಹುದು. ಈ ಕ್ಲೀನರನ್ನು ಎಂಎಎಫ್ ಸೆನ್ಸರಿಗೆ ಬಳಸಲೇಬಾರದು. ಶುಚಿಗೊಳಿಸಿದ ಮೇಲೆ ವೇಗ ಹೆಚ್ಚಾಗಿ ನಿಂತರೆ ಗಾಬರಿ ಬೇಡ: ಕೊಳೆಯ ಕಾಲದಲ್ಲಿ ಕಂಪ್ಯೂಟರ್ ಕಲಿತ ಲೆಕ್ಕ ಇನ್ನೂ ಉಳಿದಿದೆ. ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಅದನ್ನು ಮರುಕಲಿಸಬೇಕು. ಕಾರ್ಬ್ಯುರೇಟರಿದ್ದ ಹಳೆಯ ಮಾರುತಿ 800ರಲ್ಲಿ ಐಡ್ಲಿಂಗ್ ಸ್ಕ್ರೂ ತಿರುಗಿಸುವ ಅಭ್ಯಾಸವಿದ್ದವರು ಇಂದಿನ ಥ್ರಾಟಲ್‌ನ ಸ್ಟಾಪ್ ಸ್ಕ್ರೂ ಮುಟ್ಟದಿರುವುದೇ ಒಳ್ಳೆಯದು.

ಇಷ್ಟಕ್ಕೂ ಸರಿಹೋಗದಿದ್ದರೆ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್‌ಗೆ, ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಜೋಡಿಸಿ. ಪಿ0506 ಎಂದರೆ ಐಡ್ಲಿಂಗ್ ವೇಗ ಕಡಿಮೆ, ಪಿ0507 ಎಂದರೆ ಹೆಚ್ಚು, ಪಿ0171 ಎಂದರೆ ಮಿಶ್ರಣ ತೆಳು. ಕೋಡ್ ರೋಗಲಕ್ಷಣವನ್ನು ಹೇಳುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದಲ್ಲ. ಎಂಎಎಫ್ ಕಾರಿನಲ್ಲಿ ಫ್ಯುಯೆಲ್ ಟ್ರಿಮ್ (ಮಿಶ್ರಣ ಸರಿದೂಗಿಸಲು ಕಂಪ್ಯೂಟರ್ ಇಂಧನದಲ್ಲಿ ಮಾಡುವ ಹೆಚ್ಚು-ಕಡಿಮೆ) ಐಡ್ಲಿಂಗ್‌ನಲ್ಲಿ ಶೇ 10ಕ್ಕಿಂತ ಹೆಚ್ಚಿದ್ದು 2,500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರುತ್ತಿದೆ. ಬದಲಾಗಿ ವೇಗದೊಂದಿಗೆ ಟ್ರಿಮ್ ಕೂಡ ಏರಿದರೆ ಇಂಧನ ಪಂಪ್ ಅಥವಾ ಫಿಲ್ಟರ್ ನೋಡಿ. ರಾತ್ರಿಯಿಡೀ ನಿಂತ ಕಾರಿನ ಕೂಲೆಂಟ್ ತಾಪಮಾನವನ್ನು ಬೆಳಿಗ್ಗೆ ಓದಿ. ಅದು ಹೊರಗಿನ ಹವೆಗಿಂತ ಬಹಳ ಬೇರೆಯಾಗಿ ತೋರಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ.

ನಡುಕ ಲಯಬದ್ಧವಾಗಿದ್ದು ಪಿ0301 ಕಾಣಿಸಿಕೊಂಡರೆ ಮೊದಲನೆಯ ಸಿಲಿಂಡರ್ ಮಿಸ್ ಆಗುತ್ತಿದೆ, ಅಂದರೆ ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪ್ರತಿ ಸಿಲಿಂಡರಿಗೂ ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಪ್ರತ್ಯೇಕ ಕಾಯಿಲ್ ಇರುವ ಎಂಜಿನ್ನಿನಲ್ಲಿ, ಆಫ್ ಮಾಡಿದ ಮೇಲೆಯೇ, ಮೊದಲನೆಯ ಮತ್ತು ಎರಡನೆಯ ಇಗ್ನಿಷನ್ ಕಾಯಿಲ್‌ಗಳನ್ನು ಅದಲುಬದಲು ಮಾಡಿ. ಕೋಡ್ ಪಿ0302 ಆಗಿ ಬದಲಾದರೆ ದೋಷ ಕಾಯಿಲ್‌ನದು. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆ. ಪೆಟ್ರೋಲ್ ತುಂಬಿದ ಮೇಲೆ ಮಾತ್ರ ತೊಂದರೆ ಬರುವುದಾದರೆ ಟ್ಯಾಂಕಿನ ಇಂಧನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿರಬಹುದು.

ದುರಸ್ತಿಯಾದ ಮೇಲೆ ಕೋಡ್‌ಗಳನ್ನು ಅಳಿಸಿ, ಕೆಲವು ದಿನ ಎಂದಿನಂತೆ ಓಡಿಸಿ, ಎಂಜಿನ್ ಬಿಸಿಯಿರುವಾಗ ಎ.ಸಿ. ಹಾಕಿಯೂ ಹಾಕದೆಯೂ ಆರ್‌ಪಿಎಂ ಮತ್ತು ಫ್ಯುಯೆಲ್ ಟ್ರಿಮ್‌ಗಳನ್ನು ಮತ್ತೊಮ್ಮೆ ಓದಿ, ಮೊದಲಿನ ಚೀಟಿಯಲ್ಲಿ ಬರೆದ ವಿವರಗಳ ಪಕ್ಕದಲ್ಲಿ ಬರೆದುಕೊಳ್ಳಿ.