ಕಚೇರಿಯ ವೆಬ್ ಮೇಲ್: ಮೊದಲು ಬ್ರೌಸರ್, ಆಮೇಲೆ ಹೊಸ ಸೌಲಭ್ಯ

ಸಹಕಾರ ಸಂಘ, ಖಾಸಗಿ ಶಾಲೆ, ಅಡಿಕೆ ಮಂಡಿ, ಹೋಂಸ್ಟೇ, ಲೆಕ್ಕಪರಿಶೋಧಕರ ಕೊಠಡಿ ಹೀಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಸಣ್ಣ ಕಚೇರಿಗಳಲ್ಲೂ ಪತ್ರವ್ಯವಹಾರ ಈಗ ಬ್ರೌಸರ್‌ನಲ್ಲಿ ತೆರೆಯುವ ಇಮೇಲ್ ಮೂಲಕ ನಡೆಯುತ್ತಿದೆ. ಗೂಗಲ್ ವರ್ಕ್‌ಸ್ಪೇಸ್‌ನ ಜಿಮೇಲ್ ಆಗಲಿ, ಮೈಕ್ರೋಸಾಫ್ಟ್‌ನ ಔಟ್‌ಲುಕ್ ಆಗಲಿ, ಹೊಸ ಸೌಲಭ್ಯ ಸೇರಿದಾಗ ಯಾರೂ ಸಿ.ಡಿ. ಹಿಡಿದು ಬಂದು ಅಳವಡಿಸಬೇಕಿಲ್ಲ. ಸರ್ವರ್‌ನಲ್ಲಿ ಬದಲಾವಣೆಯಾದರೆ ನಮ್ಮ ಪರದೆಯಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಆದರೆ ಅದನ್ನು ತೋರಿಸಬೇಕಾದದ್ದು ನಮ್ಮ ಕಂಪ್ಯೂಟರಿನ ಬ್ರೌಸರ್. ಪಕ್ಕದ ಕಚೇರಿಯಲ್ಲಿರುವ ಆಯ್ಕೆ ನಮ್ಮಲ್ಲಿ ಕಾಣುತ್ತಿಲ್ಲ ಎಂದಾದರೆ ಸೆಟ್ಟಿಂಗ್ಸ್ ತಡಕಾಡುವ ಮೊದಲು ಬ್ರೌಸರ್‌ನ ಆವೃತ್ತಿಯನ್ನು ನೋಡುವುದು ಒಳ್ಳೆಯದು.

ಬ್ರೌಸರ್ ಪರೀಕ್ಷೆ

ಕ್ರೋಮ್‌ನಲ್ಲಿ ಬಲಗಡೆ ಮೇಲಿರುವ ಮೂರು ಚುಕ್ಕಿಗಳನ್ನು ಒತ್ತಿ, ‘ಹೆಲ್ಪ್’ ಒಳಗಿನ ‘ಅಬೌಟ್ ಗೂಗಲ್ ಕ್ರೋಮ್’ ತೆರೆದರೆ ಆವೃತ್ತಿಯ ಸಂಖ್ಯೆ ಸಿಗುತ್ತದೆ. ಹೊಸ ಆವೃತ್ತಿ ಇದ್ದರೆ ಅಲ್ಲೇ ಡೌನ್‌ಲೋಡ್ ಆಗಿ, ಕೊನೆಗೆ ‘ರೀಲಾಂಚ್’ ಬಟನ್ ಬರುತ್ತದೆ. ಎಡ್ಜ್‌ನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಫೈರ್‌ಫಾಕ್ಸ್‌ನಲ್ಲಿ ಮಾತ್ರ ಮೂರು ಗೆರೆಗಳ ಗುರುತನ್ನು ಒತ್ತಬೇಕು. ಬ್ರೌಸರನ್ನು ದಿನಗಟ್ಟಲೆ ಮುಚ್ಚದೆ, ಇಪ್ಪತ್ತು ಟ್ಯಾಬ್ ತೆರೆದಿಟ್ಟುಕೊಂಡೇ ಕೆಲಸ ಮಾಡುವ ಕಚೇರಿಗಳಲ್ಲಿ ಅಪ್‌ಡೇಟ್ ಬಂದಿದ್ದರೂ ಜಾರಿಗೆ ಬಂದಿರುವುದಿಲ್ಲ. ಸಂಜೆ ಮನೆಗೆ ಹೊರಡುವಾಗ ಬ್ರೌಸರನ್ನು ಪೂರ್ತಿ ಮುಚ್ಚುವ ರೂಢಿ ಇದ್ದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಗೂಗಲ್ ವರ್ಕ್‌ಸ್ಪೇಸ್ ಬೆಂಬಲಿಸುವುದು ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್‌ಗಳ ಸದ್ಯದ ಆವೃತ್ತಿ ಮತ್ತು ಅದರ ಹಿಂದಿನ ಒಂದು ಪ್ರಮುಖ ಆವೃತ್ತಿಯನ್ನು ಮಾತ್ರ. ಕ್ರೋಮ್‌ಗೆ ಹತ್ತಿರ ಹತ್ತಿರ ತಿಂಗಳಿಗೊಂದು ಹೊಸ ಆವೃತ್ತಿ ಬರುವುದರಿಂದ, ಅರ್ಧ ವರ್ಷ ಅಪ್‌ಡೇಟ್ ಆಗದ ಯಂತ್ರ ಈ ಲೆಕ್ಕದಲ್ಲಿ ಬಹಳ ಹಿಂದೆ ಉಳಿದಿರುತ್ತದೆ. ನಮ್ಮ ಕಡೆಯ ನಿಜವಾದ ತೊಡಕು ವಿಂಡೋಸ್ 7 ಯಂತ್ರಗಳದ್ದು. ವಿಂಡೋಸ್ 7 ಮತ್ತು 8.1ರಲ್ಲಿ ಕೆಲಸ ಮಾಡುವ ಕೊನೆಯ ಕ್ರೋಮ್ ಎಂದರೆ 2023ರ ಜನವರಿಯಲ್ಲಿ ಬಂದ 109ನೇ ಆವೃತ್ತಿ; ಎಡ್ಜ್ ಕೂಡ ಅದೇ ಸಂಖ್ಯೆಗೆ ನಿಂತಿತು. ಫೈರ್‌ಫಾಕ್ಸ್‌ನಲ್ಲಿ ಆ ಯಂತ್ರಗಳಿಗೆ ಸಿಕ್ಕ ಕೊನೆಯ ಸರಣಿ 115. ಅಂಥ ಯಂತ್ರದಲ್ಲಿ ‘ಅಬೌಟ್’ ಪುಟವನ್ನು ಎಷ್ಟು ಸಲ ತೆರೆದರೂ ಹೊಸದು ಬರುವುದಿಲ್ಲ, ಏಕೆಂದರೆ ಕೊರತೆಯಿರುವುದು ಬ್ರೌಸರ್‌ನಲ್ಲಲ್ಲ, ವಿಂಡೋಸ್‌ನಲ್ಲಿ. ಮೇಲ್ ಒಂದಿಷ್ಟು ಕಾಲ ತೆರೆದುಕೊಳ್ಳುತ್ತಲೇ ಇರುತ್ತದೆ. ಒಂದು ದಿನ ಅಟ್ಯಾಚ್‌ಮೆಂಟ್ ಪಟ್ಟಿ ಬಾರದೆ, ಇನ್ನೊಂದು ದಿನ ಬರೆಯುವ ಕಿಟಕಿಯೇ ಖಾಲಿಯಾಗಿ ತೆರೆದು ಸತಾಯಿಸಬಹುದು.

ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರ ಕೊಳ್ಳುವ ಠರಾವು ಆಡಳಿತ ಮಂಡಳಿಯ ಸಭೆಯಲ್ಲಿ ಪಾಸಾಗುವವರೆಗೆ ಕಾಯುವ ಬದಲು, 4 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿ ಹೊಸ ಫೈರ್‌ಫಾಕ್ಸ್ ಬಳಸುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ದಾರಿ. ಟ್ಯಾಲಿ ವಿಂಡೋಸ್‌ನಲ್ಲೇ ನಡೆಯುವುದರಿಂದ ಲೆಕ್ಕಪತ್ರದ ಯಂತ್ರವನ್ನು ಮುಟ್ಟದೆ, ಟಪಾಲು ನೋಡುವವರ ಯಂತ್ರಕ್ಕೆ ಮಾತ್ರ ಇದನ್ನು ಮಾಡಬೇಕು.

ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದೇ ನಿವೃತ್ತವಾಯಿತು. ಅದನ್ನೇ ಕೇಳುವ ಯಾವುದಾದರೂ ಹಳೆಯ ಜಾಲತಾಣ ನಿಮ್ಮ ಕೆಲಸದಲ್ಲಿದ್ದರೆ ಎಡ್ಜ್‌ನ ‘ಐಇ ಮೋಡ್’ ಅನ್ನು ಆ ತಾಣಕ್ಕೆ ಮಾತ್ರ ಬಳಸಿ. ಮೇಲ್ ಅನ್ನು ಆ ಮೋಡ್‌ನಲ್ಲಿ ತೆರೆಯಬೇಡಿ. ನಿಧಾನದ ನೆಟ್‌ವರ್ಕ್‌ನಲ್ಲೂ ತೆರೆಯುತ್ತಿದ್ದ ಜಿಮೇಲ್‌ನ ಸರಳ ‘ಬೇಸಿಕ್ ಎಚ್‌ಟಿಎಂಎಲ್’ ನೋಟವನ್ನೂ ಗೂಗಲ್ 2024ರ ಆರಂಭದಲ್ಲಿ ಕೈಬಿಟ್ಟಿತು. ಆಗುಂಬೆ, ನಿಟ್ಟೂರಿನಂಥ ಕಡೆ ಅದನ್ನೇ ನೆಚ್ಚಿಕೊಂಡವರಿಗೆ ಈಗ ಉಳಿದಿರುವ ಆಸರೆ ಮುಂದೆ ಹೇಳುವ ಆಫ್‌ಲೈನ್ ಸೌಲಭ್ಯ.

ಬ್ರೌಸರ್ ಹೊಸದಾಗಿದ್ದೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬರ್ಥದ ಎಚ್ಚರಿಕೆ ಬಂದು ಮೇಲ್ ತೆರೆಯದಿದ್ದರೆ ಪರದೆಯ ಬಲಮೂಲೆಯ ದಿನಾಂಕವನ್ನು ನೋಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಬೆಳಿಗ್ಗೆ ಅಲ್ಲಿ ಎಷ್ಟೋ ವರ್ಷ ಹಿಂದಿನ ಒಂದು ಜನವರಿ 1 ಕಾಣಿಸುವುದುಂಟು. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ನಿಗದಿತ ಅವಧಿ ಇರುತ್ತದೆ. ಕಂಪ್ಯೂಟರಿನ ಗಡಿಯಾರ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ದಿನಾಂಕ ಸರಿಪಡಿಸಿದರೆ ಮೇಲ್ ತೆರೆಯುತ್ತದೆ. ಮರುದಿನ ಮತ್ತೆ ಹಿಂದಕ್ಕೆ ಹೋದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಗುರುತಿನದು. ಇದಕ್ಕಾಗಿ ಇಡೀ ಸಿಪಿಯು ಹೊತ್ತು ಶಿವಮೊಗ್ಗಕ್ಕೆ ಬಸ್ ಹತ್ತಬೇಕಿಲ್ಲ.

ನೆಟ್ ಇಲ್ಲದಾಗಲೂ ಮೇಲ್

ಮಲೆನಾಡಿನ ಕಚೇರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸೌಲಭ್ಯ ಆಫ್‌ಲೈನ್ ಮೇಲ್. ಆಷಾಢದ ಗಾಳಿಗೆ ಮರ ಬಿದ್ದು ಫೈಬರ್ ತುಂಡಾದರೆ ಜೋಡಣೆಯಾಗಲು ಒಮ್ಮೊಮ್ಮೆ ದಿನ ಕಳೆಯುತ್ತದೆ. ಶರಾವತಿಯ ವಿದ್ಯುತ್ತಿನಿಂದ ದೂರದ ಊರುಗಳು ಬೆಳಗುತ್ತಿರುವಾಗ ಇಲ್ಲಿ ಯುಪಿಎಸ್ ಕೂಗುತ್ತಿರುತ್ತದೆ ಎಂಬ ಮಾತನ್ನು ಇಲ್ಲಿಗೇ ಬಿಡೋಣ.

ಜಿಮೇಲ್‌ನಲ್ಲಿ ಇದನ್ನು ಕ್ರೋಮ್ ಬಳಸಿ ಜೋಡಿಸಿಕೊಳ್ಳಬೇಕು. ಹಲ್ಲುಚಕ್ರದ ಗುರುತನ್ನು ಒತ್ತಿ ‘ಸೀ ಆಲ್ ಸೆಟ್ಟಿಂಗ್ಸ್’ಗೆ ಹೋಗಿ, ‘ಆಫ್‌ಲೈನ್’ ಎಂಬ ವಿಭಾಗದಲ್ಲಿ ‘ಎನೇಬಲ್ ಆಫ್‌ಲೈನ್ ಮೇಲ್’ ಎಂಬುದಕ್ಕೆ ಟಿಕ್ ಹಾಕಿ. ಎಷ್ಟು ದಿನಗಳ ಪತ್ರಗಳನ್ನು ಯಂತ್ರದಲ್ಲಿ ಇಟ್ಟುಕೊಳ್ಳಬೇಕು ಎಂಬುದಕ್ಕೆ 7, 30, 90 ಎಂಬ ಆಯ್ಕೆಗಳಿವೆ. ಸಾಧಾರಣ ಕಚೇರಿಗೆ 30 ಸಾಕು. ಅಟ್ಯಾಚ್‌ಮೆಂಟ್‌ಗಳನ್ನೂ ಇಳಿಸಿಕೊಳ್ಳುವ ಆಯ್ಕೆಗೆ ಟಿಕ್ ಹಾಕದಿದ್ದರೆ ಪತ್ರ ಕಂಡರೂ ಸುತ್ತೋಲೆಯ ಪಿಡಿಎಫ್ ತೆರೆಯುವುದಿಲ್ಲ. ಲಾಗ್‌ಔಟ್ ಆದಾಗ ಈ ಪತ್ರಗಳು ಯಂತ್ರದಲ್ಲೇ ಉಳಿಯಬೇಕೋ ಅಳಿಯಬೇಕೋ ಎಂಬ ಪ್ರಶ್ನೆಯನ್ನು ಅವಸರದಲ್ಲಿ ದಾಟಿ ಹೋಗಬೇಡಿ: ಒಂದೇ ಕಂಪ್ಯೂಟರನ್ನು ಕಾರ್ಯದರ್ಶಿಗಳೂ ಗುಮಾಸ್ತರೂ ಸಂಜೆ ಹೊತ್ತಿಗೆ ಅವರ ಮಕ್ಕಳೂ ಬಳಸುವಂತಿದ್ದರೆ ಅಳಿಯುವ ಆಯ್ಕೆಯನ್ನೇ ಆರಿಸಬೇಕು. ಕೊನೆಗೆ ‘ಸೇವ್ ಚೇಂಜಸ್’ ಒತ್ತಿ, ಮೊದಲ ಸಲದ ಡೌನ್‌ಲೋಡ್ ಮುಗಿಯುವವರೆಗೆ ನೆಟ್ ಇರುವಾಗಲೇ ಟ್ಯಾಬ್ ತೆರೆದಿಡಿ. ಈ ಸೌಲಭ್ಯ ಇನ್‌ಕಾಗ್ನಿಟೊ (ಬಳಕೆಯ ಜಾಡು ಉಳಿಸದ ಖಾಸಗಿ) ಕಿಟಕಿಯಲ್ಲಿ ನಡೆಯುವುದಿಲ್ಲ.

ನೆಟ್ ಇಲ್ಲದಾಗ ‘ಸೆಂಡ್’ ಒತ್ತಿದ ಪತ್ರ ‘ಔಟ್‌ಬಾಕ್ಸ್’ ಎಂಬ ಫೋಲ್ಡರ್‌ನಲ್ಲಿ ಕಾಯುತ್ತದೆ. ಸಂಪರ್ಕ ಮರಳಿದ ಮೇಲೆ ಅದು ಹೊರಟಿತೇ ಎಂದು ‘ಸೆಂಟ್’ ಫೋಲ್ಡರ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಟೆಂಡರ್, ದರಪಟ್ಟಿಯಂಥ ಗಡುವಿನ ಪತ್ರವನ್ನು ಔಟ್‌ಬಾಕ್ಸ್‌ನ ಭರವಸೆಯಲ್ಲಿ ಬಿಡಲೇಬಾರದು. ‘ಆಫ್‌ಲೈನ್’ ವಿಭಾಗದಲ್ಲಿ ಆಯ್ಕೆಯೇ ಸಿಗದಿದ್ದರೆ ನಿಮ್ಮ ಸಂಸ್ಥೆಯ ಅಡ್ಮಿನ್, ಅಂದರೆ ಖಾತೆಗಳನ್ನು ನಿರ್ವಹಿಸುವವರು, ಅದನ್ನು ತಡೆದಿರಬಹುದು. ಹೊಸ ಸೌಲಭ್ಯಗಳು ಎಲ್ಲ ಖಾತೆಗಳಿಗೂ ಒಂದೇ ದಿನ ಬರುವುದಿಲ್ಲ ಎಂಬುದೂ ನೆನಪಿರಲಿ. ವರ್ಕ್‌ಸ್ಪೇಸ್‌ನಲ್ಲಿ ಬೇಗ ಪಡೆಯುವ ಮತ್ತು ನಿಧಾನವಾಗಿ ಪಡೆಯುವ ಎರಡು ಕ್ರಮಗಳಿದ್ದು, ಯಾವುದು ಬೇಕೆಂದು ಆರಿಸುವುದೂ ಅಡ್ಮಿನ್‌ನ ಕೆಲಸ.

ತಡೆದು ಕಳುಹಿಸುವುದು, ಹಿಂದಕ್ಕೆ ಪಡೆಯುವುದು

‘ಸೆಂಡ್’ ಬಟನ್‌ನ ಪಕ್ಕದ ಬಾಣದ ಗುರುತಿನಲ್ಲಿ ‘ಶೆಡ್ಯೂಲ್ ಸೆಂಡ್’ ಇದೆ. ಜಿಮೇಲ್‌ಗೆ ಇದು 2019ರಲ್ಲಿ ಬಂದರೂ ನಮ್ಮ ಕಡೆ ಬಳಸುವವರು ಕಡಿಮೆ. ನಿಗದಿಯಾದ ಪತ್ರ ಸರ್ವರ್‌ನಲ್ಲೇ ಇರುವುದರಿಂದ, ಸಂಜೆ ಬರೆದು ಬೆಳಿಗ್ಗೆ ಹತ್ತಕ್ಕೆ ಎಂದು ಇಟ್ಟರೆ ಆ ಹೊತ್ತಿಗೆ ಕಚೇರಿಯಲ್ಲಿ ಕರೆಂಟು ಇಲ್ಲದಿದ್ದರೂ ಅದು ಹೋಗುತ್ತದೆ. ನಿಗದಿ ಮಾಡುವಾಗ ನೆಟ್ ಇದ್ದರಾಯಿತು.

ಕಳುಹಿಸಿದ ಮೇಲೆ ತಪ್ಪು ಕಂಡರೆ ಹಿಂದಕ್ಕೆ ಪಡೆಯುವ ‘ಅನ್‌ಡು ಸೆಂಡ್’ ಅವಧಿ ಜಿಮೇಲ್‌ನಲ್ಲಿ ಮೊದಲಿಗೆ 5 ಸೆಕೆಂಡ್ ಮಾತ್ರ ಇರುತ್ತದೆ. ಸೆಟ್ಟಿಂಗ್ಸ್‌ನ ‘ಜನರಲ್’ ವಿಭಾಗದಲ್ಲಿ ಇದನ್ನು 30ಕ್ಕೆ ಏರಿಸಿ. ವೆಬ್ ಔಟ್‌ಲುಕ್‌ನಲ್ಲಿ ಇದರ ಗರಿಷ್ಠ ಮಿತಿ 10 ಸೆಕೆಂಡ್.

ಪತ್ರವನ್ನು ತಾನೇ ಬರೆದುಕೊಡುವ, ಸಾರಾಂಶ ಹೇಳುವ ಕೃತಕ ಬುದ್ಧಿಮತ್ತೆಯ ಬಟನ್‌ಗಳ ಬಗ್ಗೆ ಪ್ರಚಾರ ಹೆಚ್ಚು. ಇಲಾಖೆಯ ಸುತ್ತೋಲೆಯಲ್ಲಿ ಮುಖ್ಯವಾದದ್ದು ಬಹುಮಟ್ಟಿಗೆ ಕೊನೆಯ ಷರತ್ತಿನಲ್ಲೇ ಇರುವುದರಿಂದ ಅಂಥ ಪತ್ರವನ್ನು ಪೂರ್ತಿ ಓದುವುದೇ ಕ್ಷೇಮ.

ಕನ್ನಡದಲ್ಲಿ ಬರೆಯುವಾಗ

ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಸಿದ್ಧಪಡಿಸಿದ ಪತ್ರವನ್ನು ವರ್ಡ್‌ನಿಂದ ನಕಲು ಮಾಡಿ ಮೇಲ್‌ಗೆ ಅಂಟಿಸಿದರೆ ಅತ್ತ ಕಡೆಯವರಿಗೆ ಕಾಣುವುದು ತಲೆಯ ಮೇಲೆ ಚಿಹ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಇದು ಬ್ರೌಸರ್‌ನ ದೋಷವಲ್ಲ. ಆ ಫಾಂಟ್‌ಗಳು ಇಂಗ್ಲಿಷ್ ಸಂಕೇತಗಳಿಗೇ ಕನ್ನಡದ ಆಕಾರ ತೊಡಿಸಿದವು. ಫಾಂಟ್ ತೆಗೆದರೆ ಒಳಗಿನ ಸಂಕೇತ ಹೊರಬೀಳುತ್ತದೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಬರೆದರೆ ಈ ತೊಂದರೆ ಇರುವುದಿಲ್ಲ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದ್ದು ಕೀಲಿಮಣೆಯ ಅಭ್ಯಾಸ ಬದಲಿಸಬೇಕಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಬರೆದು ಕನ್ನಡ ಪಡೆಯುವವರು ವಿಂಡೋಸ್ 10ರ ಕನ್ನಡ ಫೊನೆಟಿಕ್ ಕೀಬೋರ್ಡನ್ನೋ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿರುವ ‘ಇನ್‌ಪುಟ್ ಟೂಲ್ಸ್’ ಅನ್ನೋ ಬಳಸಬಹುದು. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ. ಠರಾವಿನಲ್ಲಿ ಮೊತ್ತದ ಒಂದು ಅಂಕಿ ಕೆಟ್ಟರೂ ಕೆಟ್ಟಂತೆ.

ಲಾಗಿನ್ ಮತ್ತು ಅಟ್ಯಾಚ್‌ಮೆಂಟ್

ಎರಡು ಹಂತದ ಲಾಗಿನ್ ಕಡ್ಡಾಯವಾಗಿರುವ ಕಚೇರಿಗಳಲ್ಲಿ ಸಿಗ್ನಲ್ ಇಲ್ಲದೆ ಎಸ್ಸೆಮ್ಮೆಸ್ ಬಾರದಿದ್ದರೆ ಕೆಲಸ ನಿಲ್ಲುತ್ತದೆ. ಅಥೆಂಟಿಕೇಟರ್ ಆ್ಯಪ್ ಕೊಡುವ ಆರು ಅಂಕಿಯ ಕೋಡ್‌ಗೆ ಸಿಗ್ನಲ್ ಬೇಡ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಇದರ ಜೊತೆಗೆ ಗೂಗಲ್ ಖಾತೆ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ತಿಜೋರಿಯಲ್ಲಿಡಿ, ಮಾನಿಟರ್‌ಗೆ ಅಂಟಿಸಬೇಡಿ. ಒಂದು ಕೋಡ್ ಒಂದೇ ಸಲ ನಡೆಯುವುದರಿಂದ ಬಳಸಿದ್ದನ್ನು ಹೊಡೆದು ಹಾಕಿ.

ಜಿಮೇಲ್‌ನಲ್ಲಿ 25 ಎಂಬಿ ಮೀರಿದ ಅಟ್ಯಾಚ್‌ಮೆಂಟ್ ತಾನಾಗಿ ಗೂಗಲ್ ಡ್ರೈವ್‌ನ ಲಿಂಕ್ ಆಗಿ ಹೋಗುತ್ತದೆ. ಪಡೆಯುವವರಿಗೆ ನೋಡುವ ಅನುಮತಿ ಕೊಡಬೇಕೇ ಎಂದು ಕಳುಹಿಸುವಾಗ ಕೇಳಿದರೆ ಒಪ್ಪಿಗೆ ಕೊಡಿ, ಇಲ್ಲದಿದ್ದರೆ ಅವರು ಮತ್ತೆ ಫೋನ್ ಮಾಡುತ್ತಾರೆ. ಲಿಂಕ್ ತೆರೆಯಲು ಅವಕಾಶವಿಲ್ಲದ ಬ್ಯಾಂಕು, ಇಲಾಖೆಗಳಿಗೆ ಕಡತವನ್ನೇ ಚಿಕ್ಕದು ಮಾಡುವುದು ಒಳಿತು: ಪಹಣಿ, ರಸೀದಿ, ನಡಾವಳಿಗಳನ್ನು 600ರ ಬದಲು 200 ಡಿಪಿಐನಲ್ಲಿ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ), ಬಣ್ಣ ಬೇಡವಾದಲ್ಲಿ ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಷರ ಸ್ಪಷ್ಟವಾಗಿಯೇ ಇರುತ್ತದೆ, ಪತ್ರವೂ ಬೇಗ ಹೋಗುತ್ತದೆ. ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಕೊಡಿ; ಕೆಲವು ಹಳೆಯ ವ್ಯವಸ್ಥೆಗಳಲ್ಲಿ ಕನ್ನಡದ ಹೆಸರು ಬರಿಯ ಚೌಕಗಳಾಗಿ ಕಾಣುವ ಸಾಧ್ಯತೆ ಇದೆ.